ಬಂಡಾರ ಹತ್ತಿದ ಚೆಕ್ಕು

ಇಳಕಲ್, ೧೨-೫-೧೯೮೩

ಬಾದಾಮಿಯ ಬ್ಯಾಂಕ್ ಮ್ಯಾನೇಜರ್ ಸಾಹೇಬರಿಗೆ,

ಒಂದು ಕಳ್ಳತನ ಒಪ್ಪಿಕೊಳ್ಳುತ್ತೇನೆ. ನೀವು ವಾಪಸ್ ಕಳಿಸಿದ ಚೆಕ್ಕಿನ ಗುಂಡುಪಿನ್ನು ಕಿತ್ತು ಅಂಗಿಗೆ ಸಿಕ್ಕಿಸಿಕೊಂಡಿದ್ದೇನೆ. ನಿಮ್ಮ ಬ್ಯಾಂಕಿನಿಂದ ನನಗೆ ದಕ್ಕಿದ್ದು ಅದೊಂದೇ.

ಟಪಾಲಿನಲ್ಲಿ ಹೋಗಲು ವಾರ, ಬರಲು ವಾರ. ನಿಮ್ಮ ಚೆಕ್ಕಿಗಿಂತ ನಮ್ಮ ಚಕ್ಕಡಿಯೇ ವಾಸಿ. ಕೊನೆಗೆ ‘ಸಹಿಯ ಮೇಲೆ ಅರಿಸಿನ, ಪಾವತಿ ಇಲ್ಲ’ ಎಂಬ ಚೀಟಿ! ಹೇಸಿಗೆ ಬಂತು ಸಾಹೇಬರ. ನಿಮ್ಮ ಗುಮಾಸ್ತರ ಎಲಿಅಡಿಕೆಯ ಎಂಜಲು ಬೆರಳಿಗೆ ಕೆಡದ ಚೆಕ್ಕು ಬೀರಪ್ಪ ದೇವರ ಅರಿಸಿನ ಬಂಡಾರಕ್ಕೆ ಕೆಟ್ಟಿತೇ?

ಸೋಮವಾರ ತಂಗಿ ರಂಗವ್ವನ ಮದುವೆ. ಆ ಚೆಕ್ಕು ಕೊಟ್ಟು ಕೊಂಡ ಧಾರೆಯ ಸೀರೆ ಇನ್ನೂ ನೇಕಾರ ಹನಮಪ್ಪನ ಪೆಟ್ಟಿಗೆಯಲ್ಲಿದೆ. “ಚೆಕ್ ನಿಮ್ದು, ಒಯ್ರಿ ಸರ. ಸೀರಿ ನಮ್ದು, ಇರ್ಲಿ” ಎನ್ನುತ್ತಾನೆ.

ಆದ್ದರಿಂದ ಈ ಪತ್ರದ ಜತೆ ಹೊಸ ಚೆಕ್ಕು ಕೊಟ್ಟು ಕಾಕಾನ ಮಗ ಮುತ್ತಪ್ಪನನ್ನು ಬಸ್ಸು ಹತ್ತಿಸಿದ್ದೇನೆ. ಅವನ ಕೈಗೆ ಇವತ್ತೇ ನಗದು ಕೊಡಿ.

ನಾನು ಕಾಲೇಜಿನಲ್ಲಿ ವಿಜ್ಞಾನ ಕಲಿಸುವವ, ಬಂಡಾರ ಗಿಂಡಾರ ನಂಬುವವನಲ್ಲ. ಅದೆಲ್ಲ ನಮ್ಮವ್ವನ ಕೆಲಸ. ಈ ಸಲ ಸಹಿ ಸ್ವಚ್ಛವಾಗಿದೆ. ಹಿಂಬದಿಯಲ್ಲಿ ಮುತ್ತಪ್ಪನ ಸಹಿ ಹಾಕಿಸುವಾಗ ಹಳದಿ ಕಂಡರೆ ದಯವಿಟ್ಟು ಕಣ್ಣು ಮುಚ್ಚಿಕೊಳ್ಳಿ. ಅವ್ವ ತಿಂಗಳಿಂದ ಗುಡೂರಿನಲ್ಲಿದ್ದಾಳೆ. ಎರಡೂ ಸಲ ಹಚ್ಚಿದವ ನಾನೇ.

ನಿಮ್ಮ ಖಾತೆದಾರ,
ಹುಲ್ಲಪ್ಪ ಗುಡೂರ