ಹಡಗಿನಲ್ಲಿರುವ ಗಂಡ

ಚಿಯಾಯಿ, ತೈವಾನ್
ಮೇ ೨೩

ಪ್ರೀತಿಯ ಆ-ಫು,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ತೈತುಂಗಿನ ಗೆಳೆಯನ ಸೀತಾಫಲದ ತೋಟದಲ್ಲಿ ದಿನವಿಡೀ ನಿಂತೇ ಇರುತ್ತೀರಂತೆ, ನಿಮ್ಮ ತಂಗಿ ಹೇಳಿದಳು. ಮುಲಾಮು ಹಚ್ಚಿಕೊಳ್ಳಿ. ಹೇಳುವವರಿಲ್ಲದಿದ್ದರೆ ಬಿಟ್ಟೇಬಿಡುವವರು ನೀವು. ಅತ್ತೆ ಗಟ್ಟಿಮುಟ್ಟಾಗಿದ್ದಾರೆ. ನಿಮ್ಮ ಪಾಲಿನ ಒಣಮೂಲಂಗಿಯನ್ನು ಡಬ್ಬಿಯಲ್ಲಿ ತೆಗೆದಿಟ್ಟು, ನನಗೆ ಮುಟ್ಟಲು ಬಿಡುವುದಿಲ್ಲ.

ತೆರಿಗೆ ವಿವರ ಸಲ್ಲಿಸಿ ಎಂದು ನೆನಪಿಸುವ ಕಾಗದ ನಿಮ್ಮ ಹೆಸರಿಗೆ ಬಂದಿದೆ. ಫೋನಿಗೂ ದಿನಾ ಸಂದೇಶ. ಸಾಲದ್ದಕ್ಕೆ ಓಣಿಯ ಮುಖಂಡರು ಬೆಳಗ್ಗೆ ಮೈಕು ಹಿಡಿದು, ತಿಂಗಳು ಮುಗಿಯುತ್ತ ಬಂತು, ಸಲ್ಲಿಸದವರು ಏಳಿ ಎಂದು ಕೂಗುತ್ತಾರೆ. ಪ್ರತಿ ಮೇ ತಿಂಗಳೂ ಇದನ್ನೆಲ್ಲ ನೀವೇ ಮುಗಿಸಿಬಿಡುತ್ತಿದ್ದಿರಿ, ನನಗೆ ತಲೆಬಿಸಿಯೇ ಇರಲಿಲ್ಲ. ಅತ್ತೆ ಆ ಕಾಗದವನ್ನು ತೀರಿಕೊಂಡ ಹಿರಿಯರ ಪೂಜೆಯ ಪೀಠದ ಮೇಲೆ ಕಿತ್ತಳೆಹಣ್ಣಿನ ಪಕ್ಕ ಇಟ್ಟು, ನನಗೆ ಕೇಳಿಸುವ ಹಾಗೆ, "ಸರ್ಕಾರಕ್ಕಾದ್ರೂ ನನ್ನ ಮಗನ ನೆನಪಿದೆಯಲ್ಲ" ಅಂದರು.

ನಿನ್ನೆ ಶಾಲೆಯ ಅಡುಗೆಮನೆಗೆ ರಜೆ ಹಾಕಿ ತೆರಿಗೆ ಕಚೇರಿಗೆ ಹೋದೆ. ಉದ್ದ ಸಾಲು. ನನ್ನ ಹಿಂದೆಯೇ ಸೋಯಾ ಹಾಲಿನ ಅಂಗಡಿಯ ಲಿಯಾವ್ ಅಕ್ಕ. ಕಿಟಕಿಯ ಹುಡುಗಿ ನನ್ನ ಗುರುತಿನ ಕಾರ್ಡು ನೋಡಿ, ಗಂಡ ಹೆಂಡತಿಯದು ಒಟ್ಟಿಗೇ ಹೋಗಬೇಕು, ಯಜಮಾನರ ಕಾರ್ಡೆಲ್ಲಿ ಎಂದು ಕೇಳಿದಳು. ಅವರು ಊರಲ್ಲಿಲ್ಲ ಎಂದೆ. "ಬೇರೆ ಬೇರೆ ಇದ್ದೀರಾ? ಹಾಗಿದ್ರೆ ಇಲ್ಲೊಂದು ಗುರುತು ಹಾಕಿ ಅಮ್ಮ, ಮುಗೀತು."

ಇಪ್ಪತ್ತೆರಡು ವರ್ಷದ ಸಂಸಾರ ಒಂದು ಗುರುತಿಗೆ ಮುಗಿಯುತ್ತದಂತೆ. ನನ್ನ ಕೈ ಏಳಲಿಲ್ಲ. ಅಷ್ಟರಲ್ಲಿ ಲಿಯಾವ್ ಅಕ್ಕ ಮುಂದೆ ಬಾಗಿ, "ಅವ್ರ ಯಜಮಾನ್ರು ಹಡಗಲ್ಲಿ ಕೆಲಸಕ್ಕೆ ಹೋಗಿದಾರಮ್ಮ. ಪಾಪ, ಹಾಗೆಲ್ಲ ಕೇಳ್ಬೇಡ" ಎಂದು ಗದರಿಸಿದಳು. ನೀವು ಹೊರಟಾಗಿನಿಂದ ಓಣಿಗೆಲ್ಲ ನಾನು ಹೇಳಿಕೊಂಡು ಬಂದ ಸುಳ್ಳು ಅದು. ಪುಣ್ಯಾತ್ಗಿತ್ತಿ ಅದನ್ನು ನಂಬಿ ನನ್ನ ಮಾನ ಕಾಯಲು ಬಂದಳಲ್ಲ, ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಏನನ್ನೂ ಸಲ್ಲಿಸದೆ ಮನೆಗೆ ಬಂದೆ.

ಹೊಸವರ್ಷದ ಊಟಕ್ಕೆ ನನ್ನ ಅಣ್ಣಂದಿರೆಲ್ಲ ಕೂತಿದ್ದಾಗ ನೀವು ಇನ್ನೊಂದು ತುಂಡು ಮೀನಿಗೆ ಕೈಚಾಚಿದಿರಿ. "ಹೆಂಡ್ತಿ ದುಡಿದ ಅನ್ನ ಬಲು ರುಚಿ ಅಲ್ವಾ?" ಅಂದೆ. ನೀವು ದುಡಿಯುತ್ತಿದ್ದ ಮುದ್ರಣಾಲಯ ಮುಚ್ಚಿದ್ದು ನಿಮ್ಮ ತಪ್ಪಾಗಿರಲಿಲ್ಲ. ನೀವು ಮೀನನ್ನು ತಟ್ಟೆಗೇ ವಾಪಸು ಇಟ್ಟಿರಿ. ಅಣ್ಣಂದಿರು ನಕ್ಕರು, ನಾನೂ ನಕ್ಕೆ. ನೀವು ಮನೆಬಿಟ್ಟು ಹೊರಟದ್ದು ಅದಕ್ಕೇ ಎಂದು ನನಗೆ ಗೊತ್ತು. ಆಡಿದ ಮಾತಿಗಿಂತ ನಕ್ಕದ್ದಕ್ಕೇ ಈಗ ಹೆಚ್ಚು ನಾಚಿಕೆ.

ಹೊತ್ತು ಹೊತ್ತಿಗೆ ಉಣ್ಣಿ. ಬಿಸಿಲಿಗೆ ಟೋಪಿಯಿಲ್ಲದೆ ಹೋಗಬೇಡಿ. ಅತ್ತೆಯ ಆಶೀರ್ವಾದ ನಿಮ್ಮ ಮೇಲಿದೆ, ನನ್ನ ಮೇಲಂತೂ ಸದ್ಯಕ್ಕಿಲ್ಲ.

ನಿಮ್ಮ
ಯುವೆ-ಶಿಯಾ

ಮರೆತಿದ್ದೆ: ಈ ತಿಂಗಳ ಕೊನೆಯ ದಿನವೇ ಗಡುವು. ಕಾರ್ಡನ್ನು ಅಂಚೆಯಲ್ಲಿ ಕಳಿಸಬೇಡಿ, ನೀವೇ ತನ್ನಿ. ಬರುವ ಮನಸ್ಸಿಲ್ಲದಿದ್ದರೆ ಅದನ್ನೇ ಒಂದು ಸಾಲು ಬರೆಯಿರಿ, ಆ ಗುರುತು ಹಾಕುತ್ತೇನೆ. ಬಂದರೆ ಹಿಂದಿನ ಗಲ್ಲಿಯಲ್ಲಿ ಬರಬೇಡಿ, ಲಿಯಾವ್ ಅಕ್ಕನ ಅಂಗಡಿಯ ಮುಂದೆಯೇ ಬನ್ನಿ. ಯಾವ ಹಡಗು ಎಂದು ಅವಳು ಕೇಳಿದರೆ ನಾನೇ ಹೇಳುತ್ತೇನೆ, ಹಡಗೂ ಇರಲಿಲ್ಲ, ಸಮುದ್ರವೂ ಇರಲಿಲ್ಲ, ಇದ್ದದ್ದು ನನ್ನ ನಾಲಿಗೆ.