ಪುಲ್ಲಿಯೊಳಗಿನ ರಬ್ಬರ್ ಬಳೆ

ಮಾರ್ಚ್ ೩, ಸೋಮವಾರ

ಅಕ್ಷರ ಕೋಳಿ ಕೆದರಿದ ಹಾಗಿದೆ. ಕಾಗುಣಿತವೂ ತಪ್ಪು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ, ಅದೂ ದಿನವಿಡೀ ಕಬ್ಬಿಣ ಕಡೆಯುವ ಲೇತ್ ಹಿಡಿದದ್ದು. ಯಾರೂ ಓದುವುದಿಲ್ಲ, ಆದರೂ ಕ್ಷಮೆ ಇರಲಿ.

ಇವತ್ತೂ ಬ್ರೇಕ್ ಡ್ರಮ್ಮು ಕಡೆಯುವ ಕೆಲಸವೇ. ಗಿರಾಕಿಗಳ ಜೊತೆ ವರ್ಕ್‌ಶಾಪಿನ ಬಾಗಿಲಲ್ಲಿ ಚಿಕ್ಕಪ್ಪ, ಲೇತಿನ ಜೊತೆ ಒಳಗೆ ನಾನು. ಹಾಗೇ ಹಿತ. ಲೇತ್ ಎದುರುತ್ತರ ಕೊಡುವುದಿಲ್ಲ.

ಸಂಜೆ ಅಕ್ಕನ ಗಂಡ ಬಂದರು. ಬಾಡಿಗೆಗೆ ಓಡಿಸುವ ಕಾರನ್ನೇ ಹದಿನಾರನೇ ತಾರೀಕಿನ ಗುಡ್ಡ ಹತ್ತುವ ರೇಸಿಗೆ ಇಳಿಸುತ್ತಾರಂತೆ! ಕೈಯಲ್ಲಿ ಒಂದು ಪುಲ್ಲಿ. ಇಂಜಿನ್ ಶಾಫ್ಟಿನ ತುದಿಯಲ್ಲಿ ಕೂತು, ಬೆಲ್ಟ್ ಎಳೆದು, ನೀರಿನ ಪಂಪು, ಡೈನಮೋ ಎಲ್ಲ ತಿರುಗಿಸುವಂಥದ್ದು.

“ಎತ್ತಿ ನೋಡೇ ಗುಬ್ಬಿ. ಗುಂಡುಕಲ್ಲು! ಅಲ್ಯೂಮಿನಿಯಂನಲ್ಲಿ ಮಾಡ್ಕೊಡು, ಸ್ವಲ್ಪ ಚಿಕ್ಕದಾಗಿ. ಹೊರೆ ಇಳಿದ್ರೆ ಗಾಡಿ ಕುದುರೆ ಆಗುತ್ತೆ.”

“ಹೊರೆ ಇಳಿಸೋದಾದ್ರೆ ಮೊದಲು ನಿಮ್ಮ ಹೊಟ್ಟೆ ಇಳಿಸಿ ಅಳಿಯಂದ್ರೇ,” ಅಂದರು ಚಿಕ್ಕಪ್ಪ.

ನಗು ಬಂತು. ಲೇತಿನ ಕಡೆ ತಿರುಗಿಕೊಂಡೆ.

ಮಾರ್ಚ್ ೫, ಬುಧವಾರ

ಪುಲ್ಲಿ ಒಂದೇ ತುಂಡಲ್ಲ. ಒಳಗೊಂದು ಕಬ್ಬಿಣ, ಹೊರಗೊಂದು ಕಬ್ಬಿಣ, ನಡುವೆ ಕಪ್ಪು ರಬ್ಬರಿನ ಬಳೆ. ಇದು ಯಾಕೆ?

“ಸದ್ದಾಗಬಾರದು ಅಂತ ಕಂಪನಿಯವರ ನಾಜೂಕು ಕಣೇ. ರೇಸಿಗೆ ಯಾಕೆ, ಬಿಡು,” ಅಂದರು ಚಿಕ್ಕಪ್ಪ.

ಬಿಟ್ಟೆ.

ಇನ್ನೊಂದು ಯೋಚನೆ. ಹೆಚ್ಚಿನ ಬಲ ಎಲ್ಲಿಂದ ಬರುತ್ತದೆ? ಇಂಜಿನ್ ಹೊಸದಾಗಿ ಏನೂ ಕೊಡುವುದಿಲ್ಲವಲ್ಲ... ಹಿತ್ತಾಳೆ ಕೊಡ ಬಿಟ್ಟು ಪ್ಲಾಸ್ಟಿಕ್ ಕೊಡದಲ್ಲಿ ನೀರು ತಂದ ಹಾಗೆ. ತೋಳಿನ ಶಕ್ತಿ ಅಷ್ಟೇ. ಆದರೆ ಬೇಗ ಮನೆ ಸೇರುತ್ತೇವೆ.

ಮಾರ್ಚ್ ೮, ಶನಿವಾರ

ರಬ್ಬರಿಲ್ಲದ ಅಲ್ಯೂಮಿನಿಯಂ ಪುಲ್ಲಿ ಕೂರಿಸಿದೆವು. ಚಿಕ್ಕ ಬೆಲ್ಟ್ ಹಾಕಿದೆವು. ಆಕ್ಸಿಲರೇಟರ್ ಮುಟ್ಟಿದರೆ ಸಾಕು, ಇಂಜಿನ್ ಛಂಗನೆ ಜಿಗಿಯುತ್ತದೆ! ಭಾವ ಬೀದಿಗೆಲ್ಲ ಕೇಳುವ ಹಾಗೆ, “ನಮ್ಮ ಗುಬ್ಬಿ ಕೈಕೆಲಸ ಕಣ್ರೀ!” ಅಂದರು. ನಾನು ಷಟರಿನ ಹಿಂದೆ. ಕೆನ್ನೆ ಬಿಸಿ.

ಮಾರ್ಚ್ ೧೩, ಗುರುವಾರ

ಅಕ್ಕ ಬಂದಿದ್ದಳು.

“ಗಾಡಿ ಚುರುಕಾಗಿದೆ ಕಣೇ. ಆದ್ರೆ ಎಂಬತ್ತರ ಹತ್ರ ಬಂದಾಗ ಒಂಥರಾ ಹಾಡುತ್ತೆ. ಕಾಲಡಿ ಜುಂ ಅನ್ನುತ್ತೆ. ಅದು ದಾಟಿದ್ರೆ ಸುಮ್ಮನಾಗುತ್ತೆ. ನಿಮ್ಮ ಭಾವನಿಗೆ ಹೇಳಿದ್ರೆ, ಸಂತೋಷಕ್ಕೆ ಹಾಡ್ತಿದೆ ಅಂತಾರೆ.”

ಒಂದೇ ವೇಗದಲ್ಲಿ ಹಾಡುವುದು ಯಾಕೆ? ಊಟ ಮಾಡುವಾಗಲೂ ಅದೇ ತಲೆಯಲ್ಲಿ.

ಮಾರ್ಚ್ ೧೪, ಶುಕ್ರವಾರ

ತೆಳು ಡ್ರಮ್ಮು ಲೇತಿಗೆ ಹಾಕಿದೆ. ಉಳಿ ತಾಗಿದ್ದೇ ಕಿರುಚಿತು. ಎಂದಿನಂತೆ ಹಳೇ ಸೈಕಲ್ ಟ್ಯೂಬು ಬಿಗಿಯಾಗಿ ಸುತ್ತಿದೆ. ತೆಪ್ಪಗಾಯಿತು.

ಕೈ ಅಲ್ಲೇ ನಿಂತಿತು. ರಬ್ಬರು.

ಬಿಚ್ಚಿದೆ, ಕಿರುಚಿತು. ಸುತ್ತಿದೆ, ಸುಮ್ಮನಾಯಿತು. ಮತ್ತೆ ಬಿಚ್ಚಿದೆ...

“ಏನೇ ಅದು? ಡ್ರಮ್ಮಿಗೆ ಸೀರೆ ಉಡಿಸಿ ಬಿಚ್ಚಿ ಆಟ ಆಡ್ತಿದ್ದೀಯಾ?”

ಚಿಕ್ಕಪ್ಪನಿಗೆ ಹಳೇ ಪುಲ್ಲಿಯ ಬಳೆ ತೋರಿಸಿದೆ. ಬೆರಳಿನಿಂದ ಒತ್ತಿ ನೋಡಿದರು. ರಬ್ಬರು ಇದ್ದದ್ದು ಕಿವಿಗಲ್ಲ, ಶಾಫ್ಟಿಗೆ ಅಂದೆ. ಎಂಬತ್ತರ ಹತ್ತಿರ ಶಾಫ್ಟು ನಡುಗುವುದನ್ನೆಲ್ಲ ಈ ಬಳೆ ನುಂಗುತ್ತಿತ್ತು. ಈಗ ನುಂಗುವವರಿಲ್ಲ. ತಂತಿಯನ್ನು ಅತ್ತ ಇತ್ತ ಬಗ್ಗಿಸುತ್ತಲೇ ಇದ್ದರೆ ಒಂದು ದಿನ ಪಟ್ಟನೆ ತುಂಡಾಗುವುದಿಲ್ಲವೇ? ಶಾಫ್ಟ್ ತುಂಡಾದರೆ ಇಂಜಿನ್ ಹೋಯಿತು. ಇಂಜಿನ್ ಹೋದರೆ ಬಾಡಿಗೆ ಇಲ್ಲ. ಅಕ್ಕನ ಮನೆ ಒಲೆ ಉರಿಯುವುದು ಆ ಕಾರಿನಿಂದ.

“ಬಿಡು ಅಂದೋನು ನಾನೇ. ಆದ್ರೆ ನಾನು ಹೇಳಿದ್ರೆ ಅಳಿಯಂದ್ರು ತಮಾಷೆ ಅಂದ್ಕೋತಾರೆ. ನೀನು ಹೇಳು,” ಅಂದರು.

ಸಂಜೆ ಅಕ್ಕನ ಮನೆಗೆ ಹೋದೆ. ಭಾವ ಕಾರು ತೊಳೆಯುತ್ತಿದ್ದರು. ಬಕೆಟ್ಟು ಎತ್ತಿಕೊಟ್ಟೆ. ಒಂದು ಬಾಗಿಲು ಒರೆಸಿಯೂ ಕೊಟ್ಟೆ.

“ಭಾವ, ನಾನು ಮಾಡಿದ್ದು ಸರಿ ಇಲ್ಲ. ಬಿಚ್ಚಿಬಿಡೋಣ.”

ನಕ್ಕರು. ಆಮೇಲೆ ನಗಲಿಲ್ಲ. “ನಾಡಿದ್ದು ರೇಸ್ ಇಟ್ಕೊಂಡಾ? ಕಂಡಕಂಡವರಿಗೆಲ್ಲ ಹೇಳ್ಕೊಂಡು ಬಂದಿದ್ದೀನಲ್ಲೇ!”

“ಅದು ಸಂತೋಷಕ್ಕೆ ಹಾಡ್ತಿಲ್ಲ ಭಾವ. ಶಾಫ್ಟ್ ಮುರಿಯುತ್ತೆ. ಇವತ್ತೋ, ಬರೋ ವರ್ಷವೋ ಗೊತ್ತಿಲ್ಲ. ಮುರಿಯುತ್ತೆ.”

ಬಟ್ಟೆ ಹಿಂಡಿ ಬಕೆಟ್ಟಿಗೆ ಎಸೆದು ಒಳಗೆ ಹೋದರು. ಬಾಗಿಲಲ್ಲಿ ಅಕ್ಕ ಅವರನ್ನು ಅಡ್ಡಗಟ್ಟಿದಳು. “ಅವಳು ಒಂದೇ ಉಸಿರಲ್ಲಿ ಇಷ್ಟು ಮಾತಾಡಿದ್ದು ಯಾವತ್ತಾದ್ರೂ ಕೇಳಿದ್ದೀರಾ?”

ನಾನು ಓಡಿಬಂದೆ.

ಮಾರ್ಚ್ ೧೫, ಶನಿವಾರ, ಬೆಳಗ್ಗೆ

ಷಟರ್ ಎತ್ತಿದರೆ ಎದುರಿಗೇ ಕಾರು. ಒಳಗೆ ಭಾವ, ಮುಖ ಊದಿಸಿಕೊಂಡು.

“ನಿಮ್ಮಕ್ಕ ಊಟ ಹಾಕ್ಲಿಲ್ಲ. ಬಿಚ್ಚು. ಹಳೇದನ್ನೇ ಕೂರಿಸು.”

“ರೇಸು?”

“ಹೋಗ್ತೀನಿ. ಕೊನೇಲಿ ಬರ್ತೀನಿ, ಇನ್ನೇನು.” ಆಮೇಲೆ ಮೆಲ್ಲಗೆ, “ಲೇ, ಹಗುರಾನೂ ಇರ್ಬೇಕು, ರಬ್ಬರೂ ಇರ್ಬೇಕು. ಹಾಗೆ ಮಾಡೋಕಾಗುತ್ತಾ?”

ಗೊತ್ತಿಲ್ಲ ಅಂದೆ. ಆದರೆ ಆಗಲೇ ಯೋಚನೆ ಶುರು... ಒಳಗಿನ ಕಬ್ಬಿಣದ ಭಾಗ ಮಾತ್ರ ಅಲ್ಯೂಮಿನಿಯಂ ಮಾಡಿದರೆ? ರಬ್ಬರು ಅಂಟುವುದು ಹೇಗೆ?

ಬಾನೆಟ್ ಎತ್ತಿ ಬೆಲ್ಟ್ ತೆಗೆದೆ. ಪುಲ್ಲಿಯ ನಡುವಿನ ಬೋಲ್ಟು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎಣ್ಣೆ ಬಿಟ್ಟಿದ್ದೇನೆ. ಅದು ಒಳಗೆ ಇಳಿಯುವವರೆಗೆ ಇಲ್ಲಿ ಕೂತು ಬರೆಯುತ್ತಿದ್ದೇನೆ. ಭಾವ ಉದ್ದದ ಪೈಪು ತಂದು ಸ್ಪ್ಯಾನರಿಗೆ ಸಿಕ್ಕಿಸಿ ಕರೆಯುತ್ತಿದ್ದಾರೆ. ಎದ್ದೆ. ಉಳಿದದ್ದು ಬೋಲ್ಟು ಬಿಚ್ಚಿದ ಮೇಲೆ.