ಪಾದದ ಗೆರೆ

ಇಲೊಯಿಲೊ, ಫಿಲಿಪೀನ್ಸ್
ಭಾನುವಾರ

ಪ್ರೀತಿಯ ಪೆರ್ಲಾ ಅಕ್ಕ,

ನನ್ನನ್ನು ಅಮೆರಿಕಕ್ಕೆ ಕರೆಸಿಕೊಳ್ಳಲು ನೀನು ಹಾಕಿದ್ದ ಅರ್ಜಿಯ ಸರದಿ ಕೊನೆಗೂ ಬಂತು. ಆಗ ತೊಟ್ಟಿಲಲ್ಲಿದ್ದ ನನ್ನ ಮಗ ರೋಡೆಲ್‌ಗೆ ಈಗ ಮೀಸೆ ಬಂದಿದೆ. ಇಪ್ಪತ್ತೊಂದು ದಾಟಿದ ಮಕ್ಕಳು ಲೆಕ್ಕಕ್ಕಿಲ್ಲವೆಂದು ಅವನನ್ನು ನನ್ನ ಜೊತೆ ಬಿಡುವುದಿಲ್ಲವಂತೆ.

"ನೀನು ಹೋಗಮ್ಮ, ದೊಡ್ಡಮ್ಮ ಅಲ್ಲಿ ಒಬ್ರೇ ಇದಾರೆ. ನಂಗೆ ಅನ್ನ ಮಾಡ್ಕೊಳಕ್ಕೆ ಬರತ್ತೆ," ಎನ್ನುತ್ತಾನೆ. ಸುಳ್ಳು, ದಿನಾ ತಳ ಹಿಡಿಸುತ್ತಾನೆ.

ಟಿಕೆಟ್ ತೆಗೆಯಬೇಡ.

ಪ್ರತಿ ಕ್ರಿಸ್‌ಮಸ್‌ಗೂ ನಾವು ಕಾಗದದ ಮೇಲೆ ಪಾದವಿಟ್ಟು, ಸುತ್ತ ಗೆರೆ ಎಳೆದು ಕಳಿಸುತ್ತಿದ್ದೆವು. ನೀನು ಆ ಅಳತೆಗೆ ಸರಿಯಾಗಿ ಬೂಟು ಕೊಂಡು ಪೆಟ್ಟಿಗೆಗೆ ತುಂಬಿ ಅಲ್ಲಿಂದ ಕಳಿಸುತ್ತಿದ್ದೆ. ನಿನ್ನ ಪಾದ ಎಷ್ಟಿತ್ತೆಂದು ನನಗೆ ಮರೆತೇಹೋಗಿದೆ. ಈ ಸಲ ನೀನು ಗೆರೆ ಎಳೆದು ಕಳಿಸು. ನಮ್ಮ ಬಾಗಿಲ ಬಳಿ ನಿನಗೊಂದು ಜೊತೆ ಚಪ್ಪಲಿ ತಂದಿಡುತ್ತೇನೆ.

ನಿನ್ನ ತಂಗಿ,
ನೆಲಿಯಾ